ವಸ್ತು ವಿಜ್ಞಾನ ಎಂದರೇನು? ಎಂಜಿನಿಯರಿಂಗ್ ಓದಿಸಲು ಹೊರಟ ಪಾಲಕರಿಗೆ ಒಂದು ವಿವರಣೆ



ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಲೆಕ್ಕ ಮತ್ತು ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ, ಮಕ್ಕಳ ಮುಂದಿನ ಓದಿಗೆ ಸಂಬಂಧಿಸಿದ ಒಂದು ವಿಷಯವನ್ನು ವಿವರಿಸುವುದು ನಮ್ಮ ರೂಢಿ. ಈ ಸಲ ವಸ್ತು ವಿಜ್ಞಾನವನ್ನು ಆರಿಸಿಕೊಂಡಿದ್ದೇವೆ. ಕಾಲೇಜುಗಳಲ್ಲಿ ಇದನ್ನು ಮೆಟೀರಿಯಲ್ಸ್ ಸೈನ್ಸ್ ಎಂದೋ, ಮೆಟಲರ್ಜಿಕಲ್ ಅಂಡ್ ಮೆಟೀರಿಯಲ್ಸ್ ಎಂಜಿನಿಯರಿಂಗ್ ಎಂದೋ ಕರೆಯುತ್ತಾರೆ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆ ಕಾರಣದಲ್ಲಿ ನಮ್ಮದೇ ಒಂದು ತಪ್ಪೂ ಸೇರಿದೆ, ಅದನ್ನು ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿವೇತನ ಪಡೆಯುತ್ತಿದ್ದ ಹುಡುಗನೊಬ್ಬನಿಗೆ ರಾಷ್ಟ್ರಮಟ್ಟದ ಸರಕಾರಿ ತಾಂತ್ರಿಕ ಸಂಸ್ಥೆಯೊಂದರಲ್ಲಿ ಮೆಟಲರ್ಜಿ ಸೀಟು ಸಿಕ್ಕಿತ್ತು. ತಂದೆಯದು ವಾರ್ಪಿಂಗ್ ಕೆಲಸ. ತಂದೆ-ಮಗ ಇಬ್ಬರೂ ಬಂದು ಏನು ಮಾಡಲಿ ಎಂದು ಕೇಳಿದರು. ಸಮಿತಿಯಲ್ಲಿ ಕುಳಿತಿದ್ದ ನಾವೆಲ್ಲ ಹೆಚ್ಚಿನಂಶ ನಿವೃತ್ತ ಶಿಕ್ಷಕರು. ‘ಅದೆಲ್ಲ ಬ್ಯಾಡಪಾ, ಇಲ್ಲೇ ಹತ್ತಿರ ಕಂಪ್ಯೂಟರ್ ತಗೋ’ ಎಂದು ಹೇಳಿ ಕಳಿಸಿದೆವು. ಹುಡುಗ ನಮ್ಮ ಮಾತು ಕೇಳಿದ. ಸಾಲ ಮಾಡಿ ಖಾಸಗಿ ಕಾಲೇಜು ಸೇರಿದ. ಈಗ ದುಡಿಯುತ್ತಿದ್ದಾನೆ, ಸಾಲವನ್ನೂ ತೀರಿಸುತ್ತಿದ್ದಾನೆ. ಹೋದ ವರ್ಷ ಟ್ರಸ್ಟಿಗೆ ತನ್ನ ಮೊದಲ ದೇಣಿಗೆ ಕೊಡಲು ಬಂದಾಗ ಒಂದೇ ಒಂದು ಮಾತು ಕೇಳಿದ: ‘ಸರ್, ಅವತ್ತ ನಿಮ್ಮಾಗ ಯಾರಿಗರ ಆ ಬ್ರಾಂಚ್ ಅಂದ್ರ ಏನಂತ ಗೊತ್ತಿತ್ತೇನ್ರಿ?’

ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದ ಬಗ್ಗೆ ಸಲಹೆ ಕೊಟ್ಟಿದ್ದೆವು. ಈ ಲೇಖನ ಆ ಹುಡುಗನ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮಗ್ಗವನ್ನೇ ಒಮ್ಮೆ ನೋಡಿರಿ

ಈ ವರ್ಷ ಇನ್ನೊಬ್ಬ ನೇಕಾರರ ಮಗಳಿಗೆ ಅಂಥದೇ ಸೀಟು ಬಂದಾಗ ಅವಳ ತಂದೆ ನಮ್ಮನ್ನು ಕೇಳಿದ ಪ್ರಶ್ನೆ ಹೀಗಿತ್ತು: ‘ಮಾಸ್ತರ್ರ, ಮೆಟಲರ್ಜಿ ಅಂದ್ರ ಕಂಬಾರಿಕಿ ಏನ್ರೀ? ಹೆಣ್ಣುಮಗಳಿಗೆ ಅದ್ಯಾಕ?’ ಈ ಸಲ ನಾವು ಓದಿಕೊಂಡು ಹೋಗಿದ್ದೆವು. ಅವರ ಮನೆಯ ಮಗ್ಗದ ಮುಂದೆಯೇ ಕುಳಿತು ಉತ್ತರ ಹೇಳಿದೆವು. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸಪ್ಪಳ ಕೇಳದ ಓಣಿ ಅಪರೂಪ. ಆದರೆ ಒಂದು ಮಗ್ಗದಲ್ಲಿ ಎಷ್ಟು ಬಗೆಯ ವಸ್ತುಗಳಿವೆ ಎಂದು ನಾವು ಎಣಿಸಿ ನೋಡುವುದಿಲ್ಲ. ಪವರ್‌ಲೂಮಿನ ಚೌಕಟ್ಟು ಎರಕದ ಕಬ್ಬಿಣದ್ದು, ಏಕೆಂದರೆ ಎರಕದ ಕಬ್ಬಿಣ ನಡುಕವನ್ನು ತನ್ನೊಳಗೆ ಹೀರಿಕೊಳ್ಳುತ್ತದೆ. ಲಾಳಿ ಕಟ್ಟಿಗೆಯದು, ಏಕೆಂದರೆ ಅದು ಹಗುರವಾಗಿರಬೇಕು, ನುಣುಪಾಗಿರಬೇಕು, ನೂಲನ್ನು ಹರಿಯಬಾರದು. ಆದರೆ ಲಾಳಿಯ ಎರಡೂ ತುದಿ ಉಕ್ಕಿನವು, ಏಕೆಂದರೆ ದಿನಕ್ಕೆ ಸಾವಿರಾರು ಸಲ ಪೆಟ್ಟು ತಿನ್ನುವುದು ಅವೇ. ಆ ಪೆಟ್ಟು ಕೊಡುವ ಪಿಕ್ಕರ್ ಮೊದಲು ಚರ್ಮದ್ದಿತ್ತು, ಈಗ ಪ್ಲಾಸ್ಟಿಕ್ಕಿನದು ಬಂದಿದೆ. ಫಣಿಯ ಹಲ್ಲು ಹಿಂದಿನ ಕಾಲದಲ್ಲಿ ಬಿದಿರಿನವು, ಇಂದು ಉಕ್ಕಿನವು.

ಒಂದೊಂದು ಜಾಗಕ್ಕೆ ಒಂದೊಂದು ವಸ್ತು ಯಾಕೆ? ಅದಲು ಬದಲು ಮಾಡಿದರೆ ಏನಾಗುತ್ತದೆ? ಹೆಚ್ಚು ಕಾಲ ಬಾಳುವ, ಆದರೆ ಕಡಿಮೆ ಬೆಲೆಯ ವಸ್ತುವನ್ನು ಮಾಡಲು ಸಾಧ್ಯವೇ? ಈ ಮೂರು ಪ್ರಶ್ನೆಗಳನ್ನು ಶಾಸ್ತ್ರೀಯವಾಗಿ ಕೇಳಿ ಉತ್ತರ ಹುಡುಕುವ ವಿದ್ಯೆಯೇ ವಸ್ತು ವಿಜ್ಞಾನ. ಯಂತ್ರವನ್ನು ಹೇಗೆ ಜೋಡಿಸಬೇಕೆಂದು ಮೆಕ್ಯಾನಿಕಲ್ ಎಂಜಿನಿಯರ್ ಯೋಚಿಸುತ್ತಾನೆ. ಅದನ್ನು ಯಾವುದರಿಂದ ಮಾಡಬೇಕು ಎಂಬುದು ವಸ್ತು ವಿಜ್ಞಾನಿಯ ಕೆಲಸ.

ಒಂದೇ ವಸ್ತು, ಬೇರೆ ಬೇರೆ ಗುಣ

ಇಳಕಲ್ ಸೀರೆ ನೇಯುವ ಮನೆಗಳಲ್ಲಿ ಒಂದು ಸಂಗತಿ ಎಲ್ಲರಿಗೂ ಗೊತ್ತಿದೆ. ಒಡಲಿಗೆ ಹತ್ತಿ ನೂಲು, ಸೆರಗಿಗೆ ರೇಷ್ಮೆ. ರೇಷ್ಮೆ ತುಟ್ಟಿಯಾದಾಗ ಅದರ ಜಾಗಕ್ಕೆ ಚಮಕಾ, ಅಂದರೆ ಕೃತಕ ರೇಷ್ಮೆ ಅಥವಾ ರೇಯಾನ್. ಹತ್ತಿ ಗಿಡದಿಂದ ಬರುತ್ತದೆ, ರೇಯಾನ್ ಕಾರ್ಖಾನೆಯಿಂದ ಬರುತ್ತದೆ, ಹೀಗಾಗಿ ಎರಡೂ ಬೇರೆಯೇ ವಸ್ತು ಎಂದು ನಾವು ತಿಳಿಯುತ್ತೇವೆ. ರಸಾಯನಶಾಸ್ತ್ರದ ಪ್ರಕಾರ ಎರಡೂ ಒಂದೇ. ಎರಡೂ ಸೆಲ್ಯುಲೋಸ್. ಕಟ್ಟಿಗೆಯ ತಿರುಳಿನ ಸೆಲ್ಯುಲೋಸನ್ನು ರಾಸಾಯನಿಕಗಳಲ್ಲಿ ಕರಗಿಸಿ, ಸಣ್ಣ ತೂತುಗಳ ಮೂಲಕ ಹಿಂಡಿ, ಮತ್ತೆ ದಾರವಾಗಿ ಗಟ್ಟಿ ಮಾಡಿದರೆ ರೇಯಾನ್ ಆಗುತ್ತದೆ.

ಈಗ ಎರಡನ್ನೂ ನೀರಿನಲ್ಲಿ ನೆನೆಸಿರಿ. ಹತ್ತಿ ನೂಲು ಒಣಗಿದ್ದಾಗಿಗಿಂತ ಹಸಿಯಾದಾಗ ಹೆಚ್ಚು ಗಟ್ಟಿ. ಸಾಮಾನ್ಯ ರೇಯಾನ್ ಹಸಿಯಾದರೆ ಹೆಚ್ಚು ಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಸೆರಗನ್ನು ಒಡಲಿನಂತೆ ಬಂಡೆಗೆ ಬಡಿದು ಒಗೆಯಬೇಡಿ ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಒಂದೇ ವಸ್ತುವಿಗೆ ಎರಡು ಗುಣ ಹೇಗೆ ಬಂತು? ಒಳಗಿನ ರಚನೆಯಿಂದ. ಸೆಲ್ಯುಲೋಸ್ ಎಂಬುದು ಸಕ್ಕರೆಯ ಸಣ್ಣ ಕೊಂಡಿಗಳು ಸೇರಿ ಆದ ಉದ್ದನೆಯ ಸರಪಳಿ. ಹತ್ತಿಯಲ್ಲಿ ಈ ಸರಪಳಿಗಳು ಬಹಳ ಉದ್ದ, ಒಂದರ ಪಕ್ಕ ಒಂದು ಒತ್ತಾಗಿ, ಸಾಲಾಗಿ ಕುಳಿತಿರುತ್ತವೆ. ನೀರು ಅವುಗಳ ನಡುವೆ ಸುಲಭವಾಗಿ ನುಗ್ಗಲಾರದು. ರೇಯಾನ್ ಮಾಡುವಾಗ ಸರಪಳಿಗಳು ತುಂಡಾಗಿ ಗಿಡ್ಡವಾಗುತ್ತವೆ, ಸಾಲು ಸಡಿಲಾಗುತ್ತದೆ. ನೀರು ಒಳಗೆ ನುಗ್ಗಿ ಒಂದನ್ನೊಂದು ಜಾರಿಸುತ್ತದೆ. ತರಗತಿಯಲ್ಲಿ ಮಕ್ಕಳು ಶಿಸ್ತಾಗಿ ಸಾಲು ಹಿಡಿದು ನಿಂತರೆ ಹೊರಗಿನವರು ನಡುವೆ ನುಗ್ಗುವುದು ಕಷ್ಟ, ಚದುರಿ ನಿಂತರೆ ಸುಲಭ. ಶಿಕ್ಷಕರಾದ ನಮಗೆ ಇದು ಬೇಗ ಅರ್ಥವಾಯಿತು.

ಬೇಸಿಗೆಯಲ್ಲಿ ನೂಲು ಹೆಚ್ಚು ಹರಿಯುವುದಕ್ಕೂ ಇಲ್ಲಿಯೇ ಉತ್ತರವಿದೆ. ಸಾಧಾರಣ ತೇವದ ಗಾಳಿಯಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಪ್ರತಿಶತದಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರೇಷ್ಮೆ ಸುಮಾರು 11 ಪ್ರತಿಶತ ಹಿಡಿಯುತ್ತದೆ. ಪಾಲಿಯೆಸ್ಟರ್ ಅರ್ಧ ಪ್ರತಿಶತವನ್ನೂ ಹಿಡಿಯುವುದಿಲ್ಲ. ಏಪ್ರಿಲ್-ಮೇ ತಿಂಗಳ ಒಣ ಗಾಳಿಯಲ್ಲಿ ಹತ್ತಿಯ ಈ ನೀರು ಹೊರಟುಹೋಗುತ್ತದೆ, ನೂಲು ಬಿರುಸಾಗುತ್ತದೆ, ಎಳೆ ಮೇಲಿಂದ ಮೇಲೆ ಹರಿಯುತ್ತದೆ. ನಮ್ಮ ಹಿರಿಯರು ಕುಣಿಮಗ್ಗವನ್ನು ನೆಲದ ಮಟ್ಟದಲ್ಲಿ ಹೂಡಿ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು, ಹಾಸಿಗೆ ಗಂಜಿ ಕೊಡುತ್ತಿದ್ದರು. ತಂಪು ನೆಲ ತೇವ ಕೊಡುತ್ತದೆ, ಗಂಜಿ ಎಳೆಯ ಮೇಲಿನ ನಾರನ್ನು ಅಂಟಿಸಿ ಫಣಿಯ ಉಜ್ಜಾಟದಿಂದ ಕಾಯುತ್ತದೆ. ಹೆಸರು ಗೊತ್ತಿಲ್ಲದೆಯೇ ಅವರು ವಸ್ತು ವಿಜ್ಞಾನ ಮಾಡುತ್ತಿದ್ದರು.

‘ಹದ’ ಎಂಬ ನಮ್ಮ ಮಾತು

ಈ ಶಾಸ್ತ್ರದ ಸಾರ ಕನ್ನಡದ ಒಂದೇ ಶಬ್ದದಲ್ಲಿದೆ: ಹದ.

ಮಹಾಲಿಂಗಪುರದ ಬೆಲ್ಲದ ಪೇಟೆ ಎಲ್ಲರೂ ಬಲ್ಲದ್ದು. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವರು ಕಬ್ಬಿನ ಹಾಲನ್ನು ಒಂದು ಹದಕ್ಕೆ ಇಳಿಸಿದರೆ ಕಾಕಂಬಿ, ಇನ್ನಷ್ಟು ಕಾಯಿಸಿದರೆ ಬೆಲ್ಲ. ಅದೇ ಹಾಲನ್ನು ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗೆ ಒಯ್ದರೆ ಹರಳು ಬೆಳೆಸಿ, ಮಡ್ಡಿಯನ್ನು ಬೇರ್ಪಡಿಸಿ, ಬಿಳಿ ಸಕ್ಕರೆ ತೆಗೆಯುತ್ತಾರೆ. ಹಾಲು ಒಂದೇ ಇದ್ದರೂ ಕಾಯಿಸಿದ ರೀತಿ, ಆರಿಸಿದ ರೀತಿ, ತಿರುವಿದ ರೀತಿ ಬದಲಾದರೆ ಕೊನೆಗೆ ಕೈಗೆ ಬರುವ ವಸ್ತುವೇ ಬದಲಾಗುತ್ತದೆ.

ಕಬ್ಬಿಣವೂ ಹೀಗೆಯೇ. ಕಬ್ಬಿಣದಲ್ಲಿ ಇಂಗಾಲ ಬಹಳ ಕಡಿಮೆಯಿದ್ದರೆ ಅದು ಮೆದು. ಸ್ವಲ್ಪ ಸೇರಿದರೆ ಉಕ್ಕು. 2 ಪ್ರತಿಶತ ದಾಟಿದರೆ ಎರಕದ ಕಬ್ಬಿಣ, ಅದು ಪೆಟ್ಟು ತಿಂದರೆ ಒಡೆಯುತ್ತದೆ. ಕಂಬಾರ ಕುಡಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಒಳಗೆ ನಡೆಯುವುದು ಇಷ್ಟು: ಬಿಸಿಯಲ್ಲಿ ಕಬ್ಬಿಣದ ಹರಳುಗಳ ನಡುವೆ ಸೇರಿಕೊಂಡಿದ್ದ ಇಂಗಾಲದ ಪರಮಾಣುಗಳಿಗೆ, ಒಮ್ಮೆಲೇ ತಂಪಾದಾಗ, ಹೊರಗೆ ಬರಲು ಸಮಯ ಸಿಗುವುದಿಲ್ಲ. ಅವು ಒಳಗೇ ಸಿಕ್ಕಿಹಾಕಿಕೊಂಡು ಹರಳನ್ನು ಬಿಗಿಯುತ್ತವೆ. ಕುಡಗೋಲು ಗಡಸಾಗುತ್ತದೆ, ಜೊತೆಗೆ ಬಿರುಸೂ ಆಗುತ್ತದೆ. ಅದಕ್ಕೇ ಕಂಬಾರ ಅದನ್ನು ಮತ್ತೆ ಸಣ್ಣ ಉರಿಯಲ್ಲಿ ಕಾಯಿಸಿ ಬಿರುಸುತನ ಇಳಿಸುತ್ತಾನೆ. ಇಂದಿನ ಎಂಜಿನಿಯರ್ ಇದೇ ಕೆಲಸವನ್ನು ಉಷ್ಣತೆ ಅಳೆದು, ನಿಮಿಷ ಎಣಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಮಾಡುತ್ತಾನೆ. ಆದ್ದರಿಂದ ‘ಕಂಬಾರಿಕಿ ಏನ್ರೀ’ ಎಂದು ಆ ತಂದೆ ಕೇಳಿದ್ದು ಪೂರ್ತಿ ತಪ್ಪಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ.

ಪುಸ್ತಕದ ಭಾಷೆಯಲ್ಲಿ ಹೇಳಬೇಕೆಂದರೆ ವಸ್ತು ವಿಜ್ಞಾನ ನಾಲ್ಕು ಸಂಗತಿಗಳ ನಂಟನ್ನು ಹುಡುಕುತ್ತದೆ: ಒಳಗಿನ ರಚನೆ, ತಯಾರಿಕೆಯ ವಿಧಾನ, ಗುಣ ಮತ್ತು ಬಳಕೆಯಲ್ಲಿ ಬಾಳಿಕೆ. ಇವುಗಳಲ್ಲಿ ಒಂದನ್ನು ಬದಲಿಸಿದರೆ ಉಳಿದವೂ ಬದಲಾಗುತ್ತವೆ.

ಈ ನಾಡಿಗೆ ಹೊಸ ವಿದ್ಯೆಯಲ್ಲ

ಲೋಹಶಾಸ್ತ್ರದ ಪುಸ್ತಕಗಳಲ್ಲಿ ‘ವೂಟ್ಸ್’ ಎಂಬ ಹೆಸರು ಬರುತ್ತದೆ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಇಂಗಾಲದೊಂದಿಗೆ ಕರಗಿಸಿ ಮಾಡುತ್ತಿದ್ದ ಉಕ್ಕು ಅದು. ಈ ಹೆಸರು ನಮ್ಮ ‘ಉಕ್ಕು’ ಎಂಬ ಶಬ್ದದಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಈ ಉಕ್ಕು ಅರಬ್ ದೇಶಗಳಿಗೆ ಹೋಗಿ, ಡಮಾಸ್ಕಸ್ ಕತ್ತಿ ಎಂದು ಹೆಸರಾದ, ಮೈಮೇಲೆ ನೀರಿನ ಅಲೆಯಂಥ ಗೆರೆಗಳಿರುವ ಕತ್ತಿಗಳಾಯಿತು. 9ನೇ ಶತಮಾನದ ಅಲ್-ಕಿಂದಿ ಕತ್ತಿಗಳ ಬಗೆಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. 1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವೂಟ್ಸ್ ಕುರಿತ ಪ್ರಯೋಗಗಳನ್ನು ಮಂಡಿಸಿದರು. ವಿದ್ಯುತ್ತಿನ ಪಾಠದಲ್ಲಿ ನಮ್ಮ ಮಕ್ಕಳು ಓದುವ ಮೈಕೆಲ್ ಫ್ಯಾರಡೆ ಕೂಡ 1820ರ ಸುಮಾರಿಗೆ ಇದರ ಗುಟ್ಟು ಬಿಡಿಸಲು ಪ್ರಯತ್ನಿಸಿದರು.

ಬೀದರಿನ ಬಿದರಿ ಕಲೆಯೂ ಇಂಥದ್ದೇ. ಹೆಚ್ಚಿನ ಸತು, ಸ್ವಲ್ಪ ತಾಮ್ರ ಸೇರಿದ ಮಿಶ್ರಲೋಹದ ಮೇಲೆ ಬೆಳ್ಳಿ ಕೂಡಿಸಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಕಾಯಿಸಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಲೆಗಾಗಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ಓದುಗರು ಬಲ್ಲರು.

ಹೊಸ ಕಾಲದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1945ರಲ್ಲಿ ಲೋಹಶಾಸ್ತ್ರ ವಿಭಾಗ ಶುರುವಾಯಿತು. ಆ ವಿಭಾಗದ ಹೆಸರು ಈಗ ಮೆಟೀರಿಯಲ್ಸ್ ಎಂಜಿನಿಯರಿಂಗ್. ಹೆಸರು ಬದಲಾದದ್ದೇಕೆ ಎಂದರೆ, ಮೊದಲು ಲೋಹಕ್ಕೆ ಒಂದು ಶಾಸ್ತ್ರ, ಗಾಜು-ಪಿಂಗಾಣಿ-ಸಿಮೆಂಟಿಗೆ ಇನ್ನೊಂದು, ರಬ್ಬರ್-ಪ್ಲಾಸ್ಟಿಕ್‌ಗೆ ಮತ್ತೊಂದು ಇದ್ದವು. 1950ರ ದಶಕದಿಂದೀಚೆಗೆ, ಎಲ್ಲದರ ಹಿಂದಿನ ನಿಯಮ ಒಂದೇ ಎಂಬುದು ಸ್ಪಷ್ಟವಾಗಿ ಅವು ಒಂದೇ ಸೂರಿನಡಿ ಬಂದವು. ಬೆಂಗಳೂರಿನಲ್ಲಿ ಹುಟ್ಟಿದ ಪ್ರೊ. ಸಿ.ಎನ್.ಆರ್. ರಾವ್ ಅವರಿಗೆ 2014ರಲ್ಲಿ ಭಾರತರತ್ನ ಸಂದಿತು. ಅವರ ಜೀವಮಾನದ ಸಂಶೋಧನೆ ಘನವಸ್ತುಗಳ ರಸಾಯನಶಾಸ್ತ್ರದಲ್ಲಿ, ಅಂದರೆ ಇದೇ ಕ್ಷೇತ್ರದಲ್ಲಿ.

ಎಂಜಿನಿಯರಿಂಗ್ ಶಾಖೆಗಳ ನಡುವೆ ಇದರ ಸ್ಥಾನ

ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎಂಬ ಹೆಸರುಗಳು ಪಾಲಕರಿಗೆ ಗೊತ್ತಿವೆ. ವಸ್ತು ವಿಜ್ಞಾನ ಇವುಗಳ ಸಾಲಿನಲ್ಲಿ ಆರನೆಯದಾಗಿ ಪಕ್ಕಕ್ಕೆ ನಿಲ್ಲುವುದಿಲ್ಲ, ಎಲ್ಲದರಲ್ಲೂ ಹಾಸುಹೊಕ್ಕಾಗಿ ಇರುತ್ತದೆ.

ಹಿಪ್ಪರಗಿ ಬ್ಯಾರೇಜು ಸಿವಿಲ್ ಎಂಜಿನಿಯರುಗಳ ಕೆಲಸ. ಆದರೆ ಅಂಥ ಕಟ್ಟಡಕ್ಕೆ ಬೇಕಾದ ಸಿಮೆಂಟು, ಸುಣ್ಣದ ಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿ ಉಷ್ಣತೆಯಲ್ಲಿ ಸುಟ್ಟು ಮಾಡುವ ವಸ್ತು. ನಮ್ಮ ಮುಧೋಳ ತಾಲೂಕಿನಲ್ಲಿ ಆ ಕಲ್ಲೂ ಇದೆ, ಮುದ್ದಾಪುರದಲ್ಲಿ ಕಾರ್ಖಾನೆಯೂ ಇದೆ. ಮೋಟಾರು ಎಲೆಕ್ಟ್ರಿಕಲ್‌ನವರದು, ಆದರೆ ಅದರ ಒಳಗಿನ ತಾಮ್ರ, ಸಿಲಿಕಾನ್ ಉಕ್ಕಿನ ತಗಡು, ಸುಡದ ವಾರ್ನಿಷ್ ವಸ್ತು ವಿಜ್ಞಾನದ್ದು. ಕಂಪ್ಯೂಟರ್ ಸಾಫ್ಟ್‌ವೇರ್ ಓಡುವುದು ಸಿಲಿಕಾನ್ ಚಿಪ್ಪಿನ ಮೇಲೆ. ಆ ಸಿಲಿಕಾನ್ ನೂರು ಕೋಟಿ ಪರಮಾಣುಗಳಲ್ಲಿ ಒಂದೆರಡು ಬೇರೆಯದು ಸೇರಿದ್ದರೂ ಲೆಕ್ಕಕ್ಕೆ ಬರುವಷ್ಟು ಶುದ್ಧವಾಗಿರಬೇಕು. ಮೊಬೈಲಿನ ಲಿಥಿಯಂ ಬ್ಯಾಟರಿಯ ವಸ್ತುಗಳನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಈ ಮೂವರಿಗೆ 2019ರಲ್ಲಿ ನೊಬೆಲ್ ಬಂತು.

ಈ ವಿದ್ಯೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚಹೊಸ ಎಣ್ಣೆ ಹಡಗು ದಡದಲ್ಲಿ ಕಟ್ಟಿ ನಿಲ್ಲಿಸಿದ್ದಾಗಲೇ ದೊಡ್ಡ ಸದ್ದಿನೊಂದಿಗೆ ನಡುವೆ ಬಿರಿದು ಹೋಯಿತು. ಆಗ ಬಿರುಗಾಳಿಯೂ ಇರಲಿಲ್ಲ, ಅಲೆಯೂ ಇರಲಿಲ್ಲ. ಆ ಯುದ್ಧಕಾಲದಲ್ಲಿ ಬೆಸುಗೆ ಹಾಕಿ ಅವಸರದಲ್ಲಿ ಕಟ್ಟಿದ ನೂರಾರು ಹಡಗುಗಳಲ್ಲಿ ಇಂಥ ಬಿರುಕುಗಳು ಕಾಣಿಸಿಕೊಂಡವು. ಆ ಕಾಲದ ಉಕ್ಕು ಸಾಮಾನ್ಯ ಹವೆಯಲ್ಲಿ ಬಾಗುತ್ತಿತ್ತು, ಚಳಿಯಲ್ಲಿ ಗಾಜಿನಂತೆ ಒಡೆಯುತ್ತಿತ್ತು. ಮೊದಲು ತಗಡುಗಳನ್ನು ರಿವೆಟ್ ಹೊಡೆದು ಜೋಡಿಸುತ್ತಿದ್ದಾಗ ಬಿರುಕು ಜೋಡಣೆಯ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೆಸುಗೆಯಿಂದ ಹಡಗೆಲ್ಲ ಒಂದೇ ತಗಡಾದ ಮೇಲೆ ಬಿರುಕು ತಡೆಯಿಲ್ಲದೆ ಓಡಿತು. ಆ ಅನುಭವದಿಂದ, ಉಕ್ಕು ಯಾವ ಚಳಿಯಲ್ಲಿ ಒಡೆಯುತ್ತದೆ ಎಂದು ಮೊದಲೇ ಪರೀಕ್ಷಿಸುವುದು ಕಡ್ಡಾಯದ ಮಾತಾಯಿತು.

ಈ ವಿದ್ಯೆ ಇದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇವೆ. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಹೈದರಾಬಾದಿನಲ್ಲಿ ಕ್ಷಿಪಣಿಗಳ ಕೆಲಸದಲ್ಲಿದ್ದಾಗ ಅಲ್ಲಿಯ ನಿಜಾಮ್ಸ್ ಸಂಸ್ಥೆಯ ಮೂಳೆ ವೈದ್ಯರೊಬ್ಬರು ಪ್ರಯೋಗಾಲಯಕ್ಕೆ ಬಂದು ಕ್ಷಿಪಣಿಗೆ ಬಳಸುವ ಹಗುರ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿದರು. ಆಸ್ಪತ್ರೆಯಲ್ಲಿ ಪೋಲಿಯೊ ಪೀಡಿತ ಮಕ್ಕಳು ಮೂರು ಕಿಲೋಗೂ ಹೆಚ್ಚು ಭಾರದ ಲೋಹದ ಕ್ಯಾಲಿಪರ್ ಎಳೆದುಕೊಂಡು ನಡೆಯುತ್ತಿದ್ದರು. ಕೆಲವೇ ವಾರಗಳಲ್ಲಿ ಕಲಾಂ ಅವರ ತಂಡ ಅದೇ ಹಗುರ ವಸ್ತುವಿನಿಂದ 300 ಗ್ರಾಂ ತೂಕದ ಕ್ಯಾಲಿಪರ್ ಮಾಡಿಕೊಟ್ಟಿತು. ಕ್ಷಿಪಣಿ ಹಾರಿದ್ದಕ್ಕಿಂತ ಆ ಮಕ್ಕಳು ಓಡಾಡಿದ್ದು ತಮಗೆ ಹೆಚ್ಚಿನ ಸಂತೋಷ ಕೊಟ್ಟಿತು ಎಂಬ ಅರ್ಥದ ಮಾತನ್ನು ಅವರು ಅನೇಕ ಸಭೆಗಳಲ್ಲಿ ಹೇಳುತ್ತಿದ್ದರು.

ಆ ಹಗುರ ವಸ್ತುಗಳಿಗೆ ಕಾಂಪೊಸಿಟ್ ಎನ್ನುತ್ತಾರೆ. ನೇಕಾರರ ಮಕ್ಕಳು ಇಲ್ಲಿ ಗಮನ ಕೊಡಬೇಕು. ಕಾರ್ಬನ್ ಎಳೆಗಳನ್ನು ಹಾಸು ಮತ್ತು ಹೊಕ್ಕಾಗಿ ನೇಯ್ದು ಬಟ್ಟೆ ಮಾಡಿ, ಪದರ ಪದರವಾಗಿ ಇಟ್ಟು, ಅಂಟು ರಾಳ ತುಂಬಿ, ಬಿಸಿಯಲ್ಲಿ ಗಟ್ಟಿ ಮಾಡುತ್ತಾರೆ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ದೇಹದ ತೂಕದಲ್ಲಿ ಸುಮಾರು 45 ಪ್ರತಿಶತ ಇಂಥ ವಸ್ತುವೇ ಇದೆ. ಎಳೆ ಯಾವ ದಿಕ್ಕಿಗೆ ಹೋದರೆ ಬಟ್ಟೆ ಯಾವ ಕಡೆ ಗಟ್ಟಿ, ಎಲ್ಲಿ ಹಿಗ್ಗುತ್ತದೆ, ಎಲ್ಲಿ ಹರಿಯುತ್ತದೆ ಎಂಬುದನ್ನು ವಿಮಾನದ ಎಂಜಿನಿಯರುಗಳು ವರ್ಷಗಟ್ಟಲೆ ಕಲಿಯುತ್ತಾರೆ. ನಮ್ಮ ಓಣಿಯ ಮಕ್ಕಳಿಗೆ ಅದು ಕೈಯಳವಿನಲ್ಲೇ ಗೊತ್ತಿದೆ. ಗಣಿತ ಮತ್ತು ಭೌತಶಾಸ್ತ್ರ ಸೇರಿಸಿಕೊಂಡರೆ ಅದೇ ದೊಡ್ಡ ಬಂಡವಾಳ.

ಎಲ್ಲಿ ಓದಬಹುದು

ಪಿಯುಸಿ ವಿಜ್ಞಾನದ ನಂತರ: ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೆಟಲರ್ಜಿಕಲ್ ಅಂಡ್ ಮೆಟೀರಿಯಲ್ಸ್ ವಿಭಾಗವಿದೆ. ಪ್ರವೇಶ ಜೆಇಇ ಮೇನ್ ಮೂಲಕ. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದ ಮಕ್ಕಳಿಗೆ ಇರುತ್ತದೆ, ಇದನ್ನು ಅನೇಕ ಪಾಲಕರು ತಿಳಿದಿಲ್ಲ. ಜೆಇಇ ಅಡ್ವಾನ್ಸ್ಡ್ ದಾಟಿದವರಿಗೆ ಮದ್ರಾಸ್, ಬಾಂಬೆ, ಹೈದರಾಬಾದ್ ಮುಂತಾದ ಐಐಟಿಗಳಿವೆ. 2016ರಲ್ಲಿ ಶುರುವಾದ ನಮ್ಮ ಧಾರವಾಡ ಐಐಟಿಯಲ್ಲಿ ಮೆಕ್ಯಾನಿಕಲ್, ಮೆಟೀರಿಯಲ್ಸ್ ಮತ್ತು ಏರೋಸ್ಪೇಸ್ ಸೇರಿದ ವಿಭಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿಎಸ್ ಪದವಿಯಲ್ಲಿ ಮೆಟೀರಿಯಲ್ಸ್ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬಹುದು.

ಸಿಇಟಿ ಮೂಲಕ: ಬೆಂಗಳೂರಿನ ಸರಕಾರಿ ಎಸ್‌ಕೆಎಸ್‌ಜೆಟಿಐನಲ್ಲಿ ಜವಳಿ ಮತ್ತು ರೇಷ್ಮೆ ತಂತ್ರಜ್ಞಾನ, ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಸಿರಾಮಿಕ್ಸ್ ಮತ್ತು ಸಿಮೆಂಟ್, ಮೈಸೂರಿನ ಎಸ್‌ಜೆಸಿಇಯಲ್ಲಿ ಪಾಲಿಮರ್ ಶಾಖೆಗಳು ಹೆಸರಾದವು. ನೆರೆಯ ಇಚಲಕರಂಜಿಯಲ್ಲಿ ಜವಳಿಗೇ ಮೀಸಲಾಗಿ ಆರಂಭವಾದ ಡಿಕೆಟಿಇ ಸಂಸ್ಥೆ ಇದೆ. ಶಾಖೆ ಮತ್ತು ಸೀಟುಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆಪ್ಷನ್ ಎಂಟ್ರಿಗೆ ಮೊದಲು ಆ ವರ್ಷದ ಪಟ್ಟಿ ನೋಡಲೇಬೇಕು.

ಎಸ್‌ಎಸ್‌ಎಲ್‌ಸಿ ನಂತರ: ಗದಗ-ಬೆಟಗೇರಿಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು.

ಊರು ಬಿಡಲಾಗದವರಿಗೆ: ಬಾಗಲಕೋಟೆಯಂಥ ಹತ್ತಿರದ ಕಾಲೇಜಿನಲ್ಲಿ ಮೆಕ್ಯಾನಿಕಲ್ ಅಥವಾ ಬಿಎಸ್ಸಿ ಓದಿ, ಆಮೇಲೆ ಈ ಕಡೆ ಹೊರಳಬಹುದು. ಗೇಟ್ ಪರೀಕ್ಷೆಯಲ್ಲಿ ಮೆಟಲರ್ಜಿಗೆ, ಜವಳಿಗೆ ಬೇರೆ ಬೇರೆ ಪ್ರಶ್ನೆಪತ್ರಿಕೆಗಳೇ ಇವೆ. ಗೇಟ್ ಅಂಕದ ಮೇಲೆ ಎಂಟೆಕ್ ಸೇರಿದವರಿಗೆ ಸರಕಾರದಿಂದ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ.

ಶುಲ್ಕದ ಬಗ್ಗೆ ಒಂದು ಮುಖ್ಯ ಮಾತು. ಐಐಟಿ ಮತ್ತು ಎನ್‌ಐಟಿಗಳಲ್ಲಿ ಕುಟುಂಬದ ವಾರ್ಷಿಕ ಆದಾಯ 1 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, 1ರಿಂದ 5 ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು ಮಾಫಿ. ಆದಾಯ ಪ್ರಮಾಣಪತ್ರ ಸರಿಯಾದ ಸಮಯಕ್ಕೆ ಕೈಯಲ್ಲಿದ್ದರೆ ಮಾತ್ರ ಇದು ಸಿಗುತ್ತದೆ. ಅಂದು ನಾವು ಬಿಡಿಸಿದ ಆ ಹುಡುಗನ ಸೀಟಿನ ಬಗ್ಗೆ ಸಲಹೆ ಕೊಡುವಾಗ ನಾವು ಈ ನಿಯಮಗಳನ್ನೂ ವಿಚಾರಿಸಿರಲಿಲ್ಲ.

ನೌಕರಿಯ ಮಾತು

ಪಾಲಕರು ಕೊನೆಗೆ ಕೇಳುವುದು ಇದನ್ನೇ, ಕೇಳುವುದು ನ್ಯಾಯವೂ ಹೌದು. ಆದ್ದರಿಂದ ಸಿಹಿ-ಕಹಿ ಎರಡನ್ನೂ ಹೇಳುತ್ತೇವೆ.

ಕೆಲಸಗಳು ಇವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಬೆಳಗಾವಿ ಮತ್ತು ಕೊಲ್ಹಾಪುರದ ಫೌಂಡ್ರಿಗಳು, ಬೆಳಗಾವಿ ಬಳಿಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಘಟಕಗಳು, ಬೆಂಗಳೂರಿನ ಎಚ್‌ಎಎಲ್, ಎನ್‌ಎಎಲ್, ಇಸ್ರೊ, ಹೈದರಾಬಾದಿನ ಮಿಧಾನಿ ಮತ್ತು ರಕ್ಷಣಾ ಪ್ರಯೋಗಾಲಯಗಳು, ಬ್ಯಾಟರಿ ಮತ್ತು ಚಿಪ್ ಮಾಡುವ ಹೊಸ ಕಂಪನಿಗಳು ಎಲ್ಲಕ್ಕೂ ಈ ಓದಿನವರು ಬೇಕು. ಹೆಣ್ಣುಮಕ್ಕಳಿಗೆ ಪರೀಕ್ಷಾ ಪ್ರಯೋಗಾಲಯ, ಗುಣಮಟ್ಟ ತಪಾಸಣೆ, ಸಂಶೋಧನೆ ಮತ್ತು ಬೋಧನೆಯಲ್ಲಿ ಒಳ್ಳೆಯ ಅವಕಾಶಗಳಿವೆ.

ಆದರೆ ಸಾಫ್ಟ್‌ವೇರ್‌ನಷ್ಟು ಸಂಖ್ಯೆಯಲ್ಲಿ ನೌಕರಿ ಇಲ್ಲ. ಆರಂಭದ ಸಂಬಳ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಕಾರ್ಖಾನೆಯಲ್ಲಿ ಪಾಳಿ ಕೆಲಸ, ಬಿಸಿ, ಧೂಳು ಇರುತ್ತವೆ. ಊರು ಬಿಡಬೇಕಾಗುತ್ತದೆ. ಒಳ್ಳೆಯ ಸ್ಥಾನಕ್ಕೆ ಹೋಗಲು ಅನೇಕ ಸಲ ಬಿಟೆಕ್ ಸಾಲದು, ಎಂಟೆಕ್ ಅಥವಾ ಪಿಎಚ್‌ಡಿ ಬೇಕಾಗುತ್ತದೆ, ಅಂದರೆ ಮನೆಯವರು ಇನ್ನೂ ಕೆಲವು ವರ್ಷ ಕಾಯಬೇಕು. ಗಣಿತಕ್ಕೆ ಹೆದರುವ, ರಸಾಯನಶಾಸ್ತ್ರ ಬೇಸರವೆನ್ನುವ ಮಗುವಿಗೆ ಇದು ಒಗ್ಗುವುದಿಲ್ಲ. ಕಂಪ್ಯೂಟರ್ ವಿಷಯದಲ್ಲಿ ನಿಜವಾದ ಆಸಕ್ತಿಯಿರುವ ಮಗು ಕಂಪ್ಯೂಟರನ್ನೇ ಓದಲಿ. ಎಲ್ಲರೂ ಇದನ್ನೇ ಓದಬೇಕೆಂದು ನಾವು ಹೇಳುತ್ತಿಲ್ಲ. ಏನೆಂದು ತಿಳಿಯದೆ ಸೀಟು ಬಿಡಬೇಡಿರಿ ಎಂದಷ್ಟೇ ಹೇಳುತ್ತಿದ್ದೇವೆ.

ಅರ್ಜಿದಾರರಿಗೆ ಮತ್ತು ದಾನಿಗಳಿಗೆ

ವಿದ್ಯಾರ್ಥಿವೇತನದ ಅರ್ಜಿ ನೋಡುವಾಗ ನಮ್ಮ ಸಮಿತಿ ಯಾವ ಶಾಖೆಯನ್ನೂ ಮೇಲು-ಕೀಳೆಂದು ಎಣಿಸುವುದಿಲ್ಲ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ರವೇಶ ಪತ್ರ, ಶುಲ್ಕದ ರಸೀದಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯ ಜೊತೆಗೆ, ‘ಈ ಶಾಖೆಯನ್ನು ನಾನು ಯಾಕೆ ಆರಿಸಿಕೊಂಡೆ’ ಎಂದು ಒಂದು ಪುಟ ವಿದ್ಯಾರ್ಥಿಯೇ ಸ್ವಂತ ಕೈಯಿಂದ ಬರೆದು ಲಗತ್ತಿಸಬೇಕು. ಕನ್ನಡ, ಉರ್ದು, ಇಂಗ್ಲಿಷ್ ಯಾವ ಭಾಷೆಯಲ್ಲಾದರೂ ಸರಿ. ಸೀಟು ಬಿಡುವ ಅಥವಾ ಬದಲಿಸುವ ಯೋಚನೆಯಿದ್ದವರು ಕೊನೆಯ ದಿನಕ್ಕೆ ಮೊದಲು ನಮ್ಮ ಹತ್ತಿರ ಬರಲಿ. ನಮಗೆ ಗೊತ್ತಿಲ್ಲದಿದ್ದರೆ, ಇನ್ನು ಮುಂದೆ, ಗೊತ್ತಿಲ್ಲ ಎಂದೇ ಹೇಳುತ್ತೇವೆ, ಗೊತ್ತಿದ್ದವರನ್ನು ಹುಡುಕಿ ಮಾತಾಡಿಸುತ್ತೇವೆ.

ದಾನಿಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಸೈಜಿಂಗ್, ಬಣ್ಣ, ಫೌಂಡ್ರಿ, ಸಕ್ಕರೆ, ಸಿಮೆಂಟ್ ಉದ್ಯೋಗದಲ್ಲಿ ಇರುವವರು ಅನೇಕರು. ಹಣದ ಜೊತೆಗೆ ವರ್ಷಕ್ಕೆ ಒಂದು ದಿನ ನಮ್ಮ ಹೈಸ್ಕೂಲ್ ಮತ್ತು ಪಿಯುಸಿ ಮಕ್ಕಳನ್ನು ನಿಮ್ಮ ಕಾರ್ಖಾನೆಯ ಒಳಗೆ ಕರೆದು ತೋರಿಸಿರಿ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ತಿಳಿಯದ್ದು ಕುಲುಮೆಯ ಮುಂದೆ ಒಮ್ಮೆ ನಿಂತರೆ ತಿಳಿಯುತ್ತದೆ.

ಮೇಲೆ ಹೇಳಿದ ಆ ಹೆಣ್ಣುಮಗಳು ಸೀಟು ಬಿಡಲಿಲ್ಲ. ಈಗ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ, ಹಾಸ್ಟೆಲ್ ಖರ್ಚಿನ ಒಂದು ಪಾಲನ್ನು ಟ್ರಸ್ಟು ಕೊಡುತ್ತಿದೆ. ರಜೆಗೆ ಬಂದಾಗ ಅವಳು ಅಬ್ಬಾನ ಮಗ್ಗದಿಂದ ಹರಿದ ನೂಲಿನ ಎರಡು ತುಂಡನ್ನು, ಒಂದು ಹತ್ತಿಯದು, ಒಂದು ಚಮಕಾದ್ದು, ಕಾಗದದಲ್ಲಿ ಸುತ್ತಿಕೊಂಡು ಹೋದಳು. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಎರಡನ್ನೂ ಇಟ್ಟು ನೋಡುತ್ತೇನೆ, ಚಿತ್ರ ಕಳಿಸುತ್ತೇನೆ ಎಂದಿದ್ದಾಳೆ. ಬಂದರೆ ಮುಂದಿನ ವರ್ಷದ ವರದಿಯಲ್ಲಿ ಅಚ್ಚು ಹಾಕುತ್ತೇವೆ. ಅವಳಿಗೂ ಅವಳಂಥ ಎಲ್ಲ ಮಕ್ಕಳಿಗೂ ನಿಮ್ಮ ದುಆ ಇರಲಿ.